ಲಂಗರಿನ ಸ್ನಬ್ಬರ್ ಹಗ್ಗ

ಸ್ನಬ್ಬರ್ ಹಗ್ಗ ಎಂಬುದು ಲಂಗರು ಹಾಕಿ ನಿಂತ ದೋಣಿಗೂ ಅದರ ಲಂಗರಿನ ಸರಪಳಿಗೂ ನಡುವೆ ಕಟ್ಟುವ, ಹಿಗ್ಗುವ ಗುಣವುಳ್ಳ ಹಗ್ಗ. ಗಾಳಿ ಮತ್ತು ಅಲೆಗಳಿಂದ ದೋಣಿ ಹಿಂದಕ್ಕೆ ತಳ್ಳಲ್ಪಟ್ಟಾಗ ಉಕ್ಕಿನ ಸರಪಳಿಯ ಮೇಲೆ ಬೀಳುವ ಹಠಾತ್ ಎಳೆತವನ್ನು ತಗ್ಗಿಸುವುದು ಇದರ ಮುಖ್ಯ ಕೆಲಸ. ಸಾಮಾನ್ಯವಾಗಿ ಇದನ್ನು ನೈಲಾನಿನಿಂದ ಮಾಡುತ್ತಾರೆ. ಹಗ್ಗದ ಒಂದು ತುದಿಯನ್ನು ಸರಪಳಿಯ ಕೊಂಡಿಯೊಂದಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ದೋಣಿಯ ಮುಂಭಾಗದಲ್ಲಿರುವ ಕ್ಲೀಟ್ ಎಂಬ ಗಟ್ಟಿ ಗೂಟಕ್ಕೆ ಬಿಗಿಯಲಾಗುತ್ತದೆ. ನಡುವಣ ಸರಪಳಿಯನ್ನು ಸಡಿಲವಾಗಿ ಇಳಿಬಿಡುವುದರಿಂದ ಭಾರವೆಲ್ಲ ಹಗ್ಗದ ಮೇಲೆ ಬರುತ್ತದೆ.

ಸುಮಾರು 9ರಿಂದ 14 ಮೀಟರ್ ಉದ್ದದ ಪ್ರವಾಸಿ ಹಾಯಿದೋಣಿಗಳಲ್ಲಿ ಪೂರ್ಣ ಸರಪಳಿಯ ಲಂಗರನ್ನು ಬಳಸುವವರು ಸ್ನಬ್ಬರನ್ನು ಅಗತ್ಯ ಸಾಧನವೆಂದೇ ಪರಿಗಣಿಸುತ್ತಾರೆ. ಇಂತಹ ದೋಣಿಗಳಲ್ಲಿ ಪ್ರಯಾಣಿಕರು ಲಂಗರನ್ನು ನಂಬಿ ರಾತ್ರಿ ನಿದ್ರಿಸುತ್ತಾರೆ. ಸರಪಳಿಯ ಜಗ್ಗಾಟಕ್ಕೆ ಲಂಗರು ಕಿತ್ತುಬಂದರೆ ಅಥವಾ ದೋಣಿಯ ಮೇಲಿನ ಹಿಡಿಕೆ ಮುರಿದರೆ ದೋಣಿ ಬಂಡೆಗೆ ಬಡಿಯುವ, ಪಕ್ಕದ ದೋಣಿಗೆ ಅಪ್ಪಳಿಸುವ ಇಲ್ಲವೇ ದಡಕ್ಕೆ ಬೀಳುವ ಅಪಾಯವಿದೆ. ಆದ್ದರಿಂದ ಸ್ನಬ್ಬರಿನ ಆಯ್ಕೆಯಲ್ಲಿ ಹಗ್ಗದ ಬಲವೊಂದನ್ನೇ ನೋಡಿದರೆ ಸಾಲದು. ಅದು ಎಷ್ಟು ಹಿಗ್ಗುತ್ತದೆ, ಎಲ್ಲಿ ಉಜ್ಜಿ ಸವೆಯುತ್ತದೆ ಎಂಬುದನ್ನೂ ಸಮನಾಗಿ ಗಮನಿಸಬೇಕಾಗುತ್ತದೆ.

ಹೆಸರು

ಇಂಗ್ಲಿಷಿನ 'ಸ್ನಬ್' ಎಂಬ ಕ್ರಿಯಾಪದಕ್ಕೆ ನಾವಿಕರ ಭಾಷೆಯಲ್ಲಿ, ಓಡುತ್ತಿರುವ ಹಗ್ಗವನ್ನು ಕಂಬಕ್ಕೆ ಸುತ್ತುಹಾಕಿ ತಡೆಹಿಡಿಯುವುದು ಎಂಬ ಅರ್ಥವಿದೆ. ಹಗ್ಗ ಜಗ್ಗಿಕೊಂಡು ಓಡುವ ಹೋರಿಯನ್ನು ಗೂಟಕ್ಕೆ ಒಂದು ಸುತ್ತು ಹಾಕಿ ನಿಲ್ಲಿಸುವ ಕ್ರಮವನ್ನು ಇದಕ್ಕೆ ಹೋಲಿಸಬಹುದು. ಎಳೆತವನ್ನು ತಡೆದು ಮೆತ್ತಗಾಗಿಸುವ ಹಗ್ಗವಾದ್ದರಿಂದ ಇದಕ್ಕೆ ಸ್ನಬ್ಬರ್ ಎಂಬ ಹೆಸರು ಬಂದಿದೆ. ಎರಡು ಕವಲುಗಳಿರುವ ಸ್ನಬ್ಬರನ್ನು ಬ್ರೈಡಲ್ ಎಂದು ಕರೆಯುತ್ತಾರೆ. ಕುದುರೆಯ ಕಡಿವಾಣಕ್ಕೂ ಇಂಗ್ಲಿಷಿನಲ್ಲಿ ಇದೇ ಪದವಿದೆ.

ಹಿನ್ನೆಲೆ

ಹಾಯಿಹಡಗುಗಳ ಕಾಲದಲ್ಲಿ ಲಂಗರಿಗೆ ಸೆಣಬಿನ ಜಾತಿಯ ನಾರುಗಳಿಂದ ಹೊಸೆದ ದಪ್ಪ ಹಗ್ಗವನ್ನು ಕಟ್ಟಲಾಗುತ್ತಿತ್ತು. ನಾರಿನ ಹಗ್ಗ ತಾನಾಗಿಯೇ ಸ್ವಲ್ಪ ಹಿಗ್ಗುತ್ತಿದ್ದುದರಿಂದ ಆಗ ಸ್ನಬ್ಬರಿನ ಅಗತ್ಯ ಇರಲಿಲ್ಲ. ಆದರೆ ನಾರಿನ ಹಗ್ಗ ಬಂಡೆಗಳಿಗೆ ಉಜ್ಜಿ ಕಡಿಯುತ್ತಿತ್ತು, ತೇವದಲ್ಲಿ ಕೊಳೆಯುತ್ತಿತ್ತು. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಸ್ಯಾಮ್ಯುಯೆಲ್ ಬ್ರೌನ್ ಮೊದಲಾದವರ ಪ್ರಯತ್ನದಿಂದ ಹಡಗುಗಳಲ್ಲಿ ಕಬ್ಬಿಣದ ಸರಪಳಿ ಬಳಕೆಗೆ ಬಂದಿತು. ಸರಪಳಿ ಸವೆತವನ್ನು ತಡೆದುಕೊಂಡಿತು, ಆದರೆ ನಾರಿನ ಹಗ್ಗಕ್ಕಿದ್ದ ಹಿಗ್ಗುವ ಗುಣ ಅದಕ್ಕಿರಲಿಲ್ಲ.

ಹಿಗ್ಗುವ ಹಗ್ಗದ ಉಪಯೋಗವನ್ನು ನಾವಿಕರು ಹಿಂದಿನಿಂದಲೂ ಬಲ್ಲರು. ಕೇರಳ ಮತ್ತು ಕರ್ನಾಟಕದ ಕರಾವಳಿಯಲ್ಲಿ ಬಹುಕಾಲದಿಂದ ತಯಾರಾಗುವ ತೆಂಗಿನ ನಾರಿನ ಹಗ್ಗ ಬಲದಲ್ಲಿ ಮನಿಲಾ ಹಗ್ಗಕ್ಕಿಂತ ಬಹಳ ಕಡಿಮೆಯಾದರೂ ಹೆಚ್ಚು ಹಿಗ್ಗುತ್ತದೆ ಮತ್ತು ನೀರಿನ ಮೇಲೆ ತೇಲುತ್ತದೆ. ಈ ಗುಣಗಳಿಂದಾಗಿ ಅದನ್ನು ಹಡಗುಗಳನ್ನು ಎಳೆಯುವಾಗಲೂ ಅಲೆಯಿರುವ ಬಂದರುಗಳಲ್ಲಿ ಕಟ್ಟುವಾಗಲೂ ಆಘಾತ ತಗ್ಗಿಸಲು ಬಳಸುತ್ತಿದ್ದರು.

1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ವ್ಯಾಲೇಸ್ ಕ್ಯಾರೋದರ್ಸ್ ಮತ್ತು ಅವರ ಸಹೋದ್ಯೋಗಿಗಳು ನೈಲಾನನ್ನು ತಯಾರಿಸಿದರು. ಎರಡನೇ ಮಹಾಯುದ್ಧದಲ್ಲಿ ಎಂಜಿನ್ ಇಲ್ಲದ ಗ್ಲೈಡರ್ ವಿಮಾನಗಳನ್ನು ಎಳೆಯಲು ನೈಲಾನ್ ಹಗ್ಗ ಬಳಕೆಯಾಯಿತು. ಬಲ ಮತ್ತು ಹಿಗ್ಗುವಿಕೆ ಎರಡೂ ಒಂದೇ ಹಗ್ಗದಲ್ಲಿ ದೊರೆತದ್ದರಿಂದ ಯುದ್ಧದ ನಂತರ ಅದು ಸಣ್ಣ ದೋಣಿಗಳ ಲಂಗರಿಗೂ ಬಂದಿತು.

ಸರಪಳಿಗೆ ಸ್ನಬ್ಬರ್ ಏಕೆ ಬೇಕು

ತೂಗುವಕ್ರದ ಮಿತಿ

ಶಾಂತ ಹವೆಯಲ್ಲಿ ಸರಪಳಿಯ ಬಹುಭಾಗ ಸಮುದ್ರದ ತಳದಲ್ಲಿ ಮಲಗಿರುತ್ತದೆ. ಉಳಿದ ಭಾಗ ದೋಣಿಯಿಂದ ಇಳಿಜಾರಾಗಿ, ಬಾಗಿ ತೂಗುತ್ತಿರುತ್ತದೆ. ಈ ಬಾಗಿಗೆ ತೂಗುವಕ್ರ ಅಥವಾ ಕ್ಯಾಟಿನರಿ ಎನ್ನುತ್ತಾರೆ. ಗಾಳಿ ದೋಣಿಯನ್ನು ತಳ್ಳಿದಾಗ ಸರಪಳಿ ತನ್ನ ತೂಕವನ್ನು ಎತ್ತಿಕೊಂಡು ನಿಧಾನವಾಗಿ ನೆಟ್ಟಗಾಗುತ್ತದೆ. ಹೀಗೆ ಸರಪಳಿಯ ತೂಕವೇ ಒಂದು ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಸರಪಳಿ ಭಾರವಾಗಿದ್ದರೆ ಸ್ನಬ್ಬರ್ ಬೇಕಿಲ್ಲ ಎಂಬ ಅಭಿಪ್ರಾಯಕ್ಕೆ ಇದೇ ಆಧಾರ.

ಆದರೆ ಈ ಸ್ಪ್ರಿಂಗ್ ಬೇಗ ಮುಗಿದುಹೋಗುತ್ತದೆ. 8 ಮಿಲಿಮೀಟರ್ ಸರಪಳಿ ಮೀಟರಿಗೆ ಸುಮಾರು 1.4 ಕಿಲೋಗ್ರಾಂ ತೂಗುತ್ತದೆ. ನೀರಿನಲ್ಲಿ ಮುಳುಗಿದಾಗ ತೂಕ ಇನ್ನೂ ಕಡಿಮೆ. ದೋಣಿಯ ಮೂತಿಯಿಂದ ಸಮುದ್ರದ ತಳಕ್ಕೆ 6 ಮೀಟರ್ ಇದ್ದು, 30 ಮೀಟರ್ ಸರಪಳಿ ಬಿಟ್ಟಿದ್ದರೆ, ಸುಮಾರು 90 ಕಿಲೋಗ್ರಾಂ ತೂಕಕ್ಕೆ ಸಮನಾದ ಎಳೆತದಲ್ಲಿಯೇ ತಳದಲ್ಲಿ ಮಲಗಿದ್ದ ಕೊನೆಯ ಕೊಂಡಿಯೂ ಮೇಲೇಳುತ್ತದೆ. ಆಮೇಲೆ ಬಾಗು ಅಲ್ಪಸ್ವಲ್ಪ ಉಳಿದಿದ್ದರೂ ಎಳೆತ ಹೆಚ್ಚಿದಂತೆ ಸರಪಳಿ ಬಹುಮಟ್ಟಿಗೆ ಉಕ್ಕಿನ ಸಲಾಕೆಯಂತಾಗುತ್ತದೆ.

ಅಮೆರಿಕನ್ ಬೋಟ್ ಆ್ಯಂಡ್ ಯಾಟ್ ಕೌನ್ಸಿಲ್ ಪ್ರಕಟಿಸಿರುವ ವಿನ್ಯಾಸ ಕೋಷ್ಟಕದ ಪ್ರಕಾರ, 30 ನಾಟ್ ಗಾಳಿಯಲ್ಲಿ ಲಂಗರಿನ ಮೇಲೆ ಲೆಕ್ಕ ಹಿಡಿಯಬೇಕಾದ ಸಮತಲ ಭಾರ ಹೀಗಿದೆ:

- 30 ಅಡಿ (ಸುಮಾರು 9 ಮೀಟರ್) ದೋಣಿಗೆ 700 ಪೌಂಡ್, ಅಂದರೆ ಸುಮಾರು 320 ಕಿಲೋಗ್ರಾಂ.
- 35 ಅಡಿ (ಸುಮಾರು 10.7 ಮೀಟರ್) ದೋಣಿಗೆ 900 ಪೌಂಡ್, ಅಂದರೆ ಸುಮಾರು 410 ಕಿಲೋಗ್ರಾಂ.
- 40 ಅಡಿ (ಸುಮಾರು 12 ಮೀಟರ್) ದೋಣಿಗೆ 1200 ಪೌಂಡ್, ಅಂದರೆ ಸುಮಾರು 545 ಕಿಲೋಗ್ರಾಂ.

ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರ್ ವೇಗ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ 42 ನಾಟ್ ಗಾಳಿಗೆ ಈ ಭಾರಗಳು ಎರಡರಷ್ಟು, 60 ನಾಟ್ ಗಾಳಿಗೆ ನಾಲ್ಕರಷ್ಟು ಆಗುತ್ತವೆ. ಮೇಲೆ ಹೇಳಿದ 90 ಕಿಲೋಗ್ರಾಂ ಎಳೆತವನ್ನು ಇವುಗಳೊಂದಿಗೆ ಹೋಲಿಸಿದರೆ, ನಿಜವಾಗಿ ಗಾಳಿ ಬಲವಾದ ಹೊತ್ತಿನಲ್ಲಿ ಸರಪಳಿಯ ತೂಕದ ನೆರವು ದೊರೆಯುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಶಕ್ತಿಯ ಲೆಕ್ಕ

ಲಂಗರು ಹಾಕಿದ ದೋಣಿ ನಿಶ್ಚಲವಾಗಿರುವುದಿಲ್ಲ. ಗಾಳಿಯ ಬೀಸು ಬಂದಾಗ ಹಿಂದಕ್ಕೆ ಸರಿಯುತ್ತದೆ, ಅಡ್ಡಡ್ಡ ತೂಗಾಡುತ್ತದೆ, ಅಲೆಗೆ ಮೂತಿಯನ್ನು ಎತ್ತುತ್ತದೆ. 6 ಟನ್ ತೂಕದ ದೋಣಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ, ಅಂದರೆ ಸುಮಾರು 2 ನಾಟ್‌ನಲ್ಲಿ, ಹಿಂದೆ ಸರಿಯುತ್ತಿದೆ ಎಂದುಕೊಂಡರೆ ಅದರ ಚಲನಶಕ್ತಿ 3000 ಜೂಲ್. ದೋಣಿ ನಿಲ್ಲಬೇಕಾದರೆ ಈ ಶಕ್ತಿಯನ್ನು ಯಾವುದಾದರೂ ಒಂದು ಭಾಗ ಹೀರಿಕೊಳ್ಳಲೇಬೇಕು. ನಿಲ್ಲುವ ದೂರ ಹೆಚ್ಚಿದಷ್ಟೂ ಎಳೆತದ ಗರಿಷ್ಠ ಬಲ ಕಡಿಮೆಯಾಗುತ್ತದೆ. ಎತ್ತರದಿಂದ ಬೀಳುವ ಕ್ರಿಕೆಟ್ ಚೆಂಡನ್ನು ಹಿಡಿಯುವವನು ಕೈಗಳನ್ನು ಹಿಂದಕ್ಕೆ ಸರಿಸಿಕೊಂಡು ಹಿಡಿಯುವುದೂ ಇದೇ ಕಾರಣಕ್ಕೆ.

ಉದಾಹರಣೆಗೆ, 4 ಕಿಲೋನ್ಯೂಟನ್ ಬಲಕ್ಕೆ ತನ್ನ ಉದ್ದದ ಶೇಕಡಾ 10ರಷ್ಟು ಹಿಗ್ಗುವ ಒಂದು ಹಗ್ಗವನ್ನು ತೆಗೆದುಕೊಳ್ಳೋಣ. ಒಂದು ಕಿಲೋನ್ಯೂಟನ್ ಎಂದರೆ ಸುಮಾರು 100 ಕಿಲೋಗ್ರಾಂ ತೂಕದ ಎಳೆತ. ಬಲಕ್ಕೆ ತಕ್ಕಂತೆ ಹಿಗ್ಗುವಿಕೆಯೂ ಸಮಪ್ರಮಾಣದಲ್ಲಿ ಹೆಚ್ಚುತ್ತದೆ ಎಂದು ಭಾವಿಸಿದರೆ ಮೇಲಿನ ದೋಣಿಯನ್ನು ನಿಲ್ಲಿಸುವಾಗ:

- ಹಗ್ಗ 2.5 ಮೀಟರ್ ಉದ್ದವಿದ್ದರೆ ಅದು ಸುಮಾರು 0.6 ಮೀಟರ್ ಹಿಗ್ಗಿ, ಗರಿಷ್ಠ ಎಳೆತ ಸುಮಾರು 9.8 ಕಿಲೋನ್ಯೂಟನ್ ಆಗುತ್ತದೆ.
- ಅದೇ ಹಗ್ಗ 10 ಮೀಟರ್ ಉದ್ದವಿದ್ದರೆ ಅದು ಸುಮಾರು 1.2 ಮೀಟರ್ ಹಿಗ್ಗಿ, ಗರಿಷ್ಠ ಎಳೆತ ಸುಮಾರು 4.9 ಕಿಲೋನ್ಯೂಟನ್ ಆಗುತ್ತದೆ.

ಹಗ್ಗದ ಉದ್ದ ನಾಲ್ಕರಷ್ಟಾದಾಗ ಎಳೆತ ಅರ್ಧಕ್ಕಿಳಿಯುತ್ತದೆ. ಈ ಲೆಕ್ಕದಲ್ಲಿ ಗಾಳಿಯ ಸ್ಥಿರ ಒತ್ತಡವನ್ನು ಸೇರಿಸಿಲ್ಲ. ಅದು ಇದರ ಮೇಲೆ ಹೆಚ್ಚುವರಿಯಾಗಿ ಬೀಳುತ್ತದೆ. ಬಹುತೇಕ ಹಿಗ್ಗದ, ನೆಟ್ಟಗಾದ ಸರಪಳಿಯೊಂದೇ ದೋಣಿಯನ್ನು ತಡೆಯಬೇಕಾದರೆ ಎಳೆತ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚುತ್ತದೆ. ಆ ಹೊಡೆತ ಲಂಗರು, ಸರಪಳಿ, ಬೋ ರೋಲರ್ ಮತ್ತು ವಿಂಡ್ಲಾಸ್ ಎಲ್ಲದಕ್ಕೂ ತಗಲುತ್ತದೆ.

ಹಗ್ಗದ ವಸ್ತು

ನೈಲಾನ್: ಸ್ನಬ್ಬರಿಗೆ ಸಾಮಾನ್ಯವಾಗಿ ಆಯ್ಕೆಯಾಗುವ ವಸ್ತು. ಕೆಲಸದ ಭಾರದಲ್ಲಿ ಶೇಕಡಾ 10ರಷ್ಟು ಅಥವಾ ಅದಕ್ಕಿಂತ ಹೆಚ್ಚು ಹಿಗ್ಗಿ, ಭಾರ ಇಳಿದಾಗ ಹಿಂದಿನ ಸ್ಥಿತಿಗೆ ಮರಳುತ್ತದೆ. ನೀರಿನಲ್ಲಿ ಮುಳುಗುತ್ತದೆ. ನೀರು ಹೀರಿಕೊಂಡಾಗ ಅದರ ಬಲ ಸುಮಾರು ಶೇಕಡಾ 10ರಿಂದ 15ರಷ್ಟು ಕುಗ್ಗುವುದನ್ನು ಲೆಕ್ಕದಲ್ಲಿ ಹಿಡಿಯಬೇಕು.

ಪಾಲಿಯೆಸ್ಟರ್: ಬಿಸಿಲನ್ನೂ ಸವೆತವನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಅದೇ ಭಾರಕ್ಕೆ ನೈಲಾನಿಗಿಂತ ಬಹಳ ಕಡಿಮೆ ಹಿಗ್ಗುತ್ತದೆ. ಹಾಯಿಗಳನ್ನು ಎತ್ತುವ ಹಗ್ಗಕ್ಕೆ ಇದು ಗುಣ, ಸ್ನಬ್ಬರಿಗೆ ದೋಷ. ದೋಣಿಯಲ್ಲಿ ಹಳೆಯದಾದ ಹಾಯಿಹಗ್ಗವನ್ನೇ ಸ್ನಬ್ಬರ್ ಮಾಡಿಕೊಳ್ಳುವುದು ಈ ಕಾರಣದಿಂದ ಸೂಕ್ತವಲ್ಲ.

ಡೈನೀಮಾ: ಅತಿ ಬಲವಾದ ಪಾಲಿಎಥಿಲೀನ್ ನಾರು. ಅದು ಬಹುತೇಕ ಹಿಗ್ಗುವುದಿಲ್ಲವಾದ್ದರಿಂದ ಸ್ನಬ್ಬರಿನ ಮುಖ್ಯ ಉದ್ದಕ್ಕೆ ಪ್ರಯೋಜನವಿಲ್ಲ. ಆದರೆ ಹಗ್ಗವನ್ನು ಸರಪಳಿಗೆ ಸಿಕ್ಕಿಸುವ ಮೃದು ಶ್ಯಾಕಲ್ ಮಾಡಲು ಇದು ಯೋಗ್ಯ.

ಪಾಲಿಪ್ರೊಪಿಲೀನ್: ಅಗ್ಗ ಮತ್ತು ತೇಲುವ ಹಗ್ಗ. ಬಿಸಿಲಿನಲ್ಲಿ ಬೇಗ ಪುಡಿಯಾಗುತ್ತದೆ, ಬಲವೂ ಕಡಿಮೆ. ಲಂಗರಿನ ಕೆಲಸಕ್ಕೆ ಇದನ್ನು ಬಳಸುವುದಿಲ್ಲ.

ಹೊಸೆದ ಹಗ್ಗ, ಹೆಣೆದ ಹಗ್ಗ

ಮೂರೆಳೆಗಳನ್ನು ಹುರಿಗೊಳಿಸಿ ಹೊಸೆದ ನೈಲಾನ್ ಹಗ್ಗ ಎಳೆದಾಗ ಅದರ ನಾರುಗಳು ಹಿಗ್ಗುವುದರ ಜೊತೆಗೆ ಹುರಿಯೂ ಸ್ವಲ್ಪ ಸಡಿಲಗೊಳ್ಳುವುದರಿಂದ ಹೆಚ್ಚು ಹಿಗ್ಗುತ್ತದೆ. ಇದು ಅಗ್ಗ, ಸುಲಭವಾಗಿ ಕುಣಿಕೆ ಹೆಣೆಯಬಹುದು, ಸವೆತವೂ ಕಣ್ಣಿಗೆ ಕಾಣುತ್ತದೆ. ವರ್ಷಗಳು ಕಳೆದಂತೆ ಬಿರುಸಾಗುವುದು ಇದರ ಕೊರತೆ. ಹೆಣೆದ ನೈಲಾನ್ ಹಗ್ಗ ಕೈಗೆ ಮೃದು, ತಿರುಚಿಕೊಳ್ಳುವುದಿಲ್ಲ, ಆದರೆ ತುಸು ಕಡಿಮೆ ಹಿಗ್ಗುತ್ತದೆ. ಎಂಟೆಳೆಯ ಹೆಣಿಗೆಯ ಹಗ್ಗ ಇವೆರಡರ ನಡುವಿನದು. ಪರ್ವತಾರೋಹಣದ ಡೈನಮಿಕ್ ಹಗ್ಗವೂ ನೈಲಾನಿನದೇ. ಬೀಳುವವನ ಆಘಾತವನ್ನು ತಗ್ಗಿಸಲೆಂದೇ ಅದನ್ನು ಮಾಡಿರುವುದರಿಂದ ಕೆಲವರು ಸಣ್ಣ ದೋಣಿಗಳಿಗೆ ಅದನ್ನು ಸ್ನಬ್ಬರಾಗಿ ಬಳಸುತ್ತಾರೆ. ಅದರ ಹೊರಕವಚ ಸವೆದು ಒಳಗಿನ ಎಳೆಗಳು ಕಾಣಿಸಿಕೊಂಡರೆ ಬದಲಾಯಿಸಬೇಕಾಗುತ್ತದೆ.

ಹಗ್ಗದ ದಪ್ಪ

ಸ್ನಬ್ಬರಿನ ಆಯ್ಕೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ದಪ್ಪ ಹಗ್ಗವೇ ಸುರಕ್ಷಿತ ಎಂದು ಭಾವಿಸುವುದು. 12 ಮಿಲಿಮೀಟರ್ ಹಗ್ಗದ ಬದಲು 16 ಮಿಲಿಮೀಟರ್ ಹಗ್ಗ ಬಳಸಿದರೆ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 1.8 ಪಟ್ಟಾಗುತ್ತದೆ. ಬಲ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಆದರೆ ಬಿರುಸೂ ಅಷ್ಟೇ ಹೆಚ್ಚುತ್ತದೆ. ಮೇಲಿನ ಉದಾಹರಣೆಯ 10 ಮೀಟರ್ ಹಗ್ಗ 12 ಮಿಲಿಮೀಟರಿನದೆಂದು ಭಾವಿಸಿದರೆ, ಅದೇ ಉದ್ದದ 16 ಮಿಲಿಮೀಟರ್ ಹಗ್ಗದಲ್ಲಿ ಗರಿಷ್ಠ ಎಳೆತ 4.9ರಿಂದ ಸುಮಾರು 6.5 ಕಿಲೋನ್ಯೂಟನ್‌ಗೆ ಏರುತ್ತದೆ. ಹಗ್ಗಕ್ಕೆ ಅದು ಹೊರೆಯಲ್ಲ. ಆದರೆ ಲಂಗರು, ಕ್ಲೀಟ್ ಮತ್ತು ಅದನ್ನು ಕೂರಿಸಿದ ಡೆಕ್ ಮೂರನೇ ಒಂದು ಭಾಗದಷ್ಟು ಹೆಚ್ಚು ಹೊಡೆತವನ್ನು ತಿನ್ನಬೇಕಾಗುತ್ತದೆ.

ತೀರ ತೆಳ್ಳಗಿನ ಹಗ್ಗವೂ ಸರಿಯಲ್ಲ. ಅದು ಮತ್ತೆ ಮತ್ತೆ ತನ್ನ ಮಿತಿಯ ಸಮೀಪಕ್ಕೆ ಹಿಗ್ಗುವುದರಿಂದ ಬೇಗ ದಣಿಯುತ್ತದೆ. ಅಲ್ಪ ಸವೆತವೂ ಅದರ ಬಲದ ದೊಡ್ಡ ಪಾಲನ್ನು ಕಸಿಯುತ್ತದೆ. ಹೊಸದಾದ, ಒಣಗಿದ ಮೂರೆಳೆ ನೈಲಾನ್ ಹಗ್ಗ ತುಂಡಾಗುವ ಭಾರ 10 ಮಿಲಿಮೀಟರಿಗೆ ಸುಮಾರು 2 ಟನ್, 12 ಮಿಲಿಮೀಟರಿಗೆ ಸುಮಾರು 3 ಟನ್, 14 ಮಿಲಿಮೀಟರಿಗೆ ಸುಮಾರು 4 ಟನ್, 16 ಮಿಲಿಮೀಟರಿಗೆ 5 ಟನ್‌ಗಿಂತ ತುಸು ಹೆಚ್ಚು. ತೇವ, ಗಂಟು ಮತ್ತು ವಯಸ್ಸು ಇದನ್ನು ಇಳಿಸುತ್ತವೆ. ಗಂಟು ಹಾಕಿದ ಜಾಗದಲ್ಲಿ ಹಗ್ಗದ ಬಲ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕುಗ್ಗಬಹುದು. ಸರಿಯಾಗಿ ಹೆಣೆದ ಕುಣಿಕೆಯಲ್ಲಿ ನಷ್ಟ ಸುಮಾರು ಶೇಕಡಾ 10 ಮಾತ್ರ.

ರೂಢಿಯಲ್ಲಿ 9 ಮೀಟರ್‌ವರೆಗಿನ ದೋಣಿಗೆ 10 ಮಿಲಿಮೀಟರ್, 9ರಿಂದ 12 ಮೀಟರಿನ ದೋಣಿಗೆ 12 ಮಿಲಿಮೀಟರ್, ಅದಕ್ಕಿಂತ ದೊಡ್ಡದಕ್ಕೆ 14 ಅಥವಾ 16 ಮಿಲಿಮೀಟರ್ ಹಗ್ಗವನ್ನು ಬಳಸುತ್ತಾರೆ. ದೋಣಿ ತನ್ನ ಉದ್ದಕ್ಕೆ ಹೋಲಿಸಿದರೆ ಹೆಚ್ಚು ತೂಕದ್ದಾಗಿದ್ದರೆ ಒಂದು ಅಳತೆ ದಪ್ಪವನ್ನು ಆರಿಸುವುದುಂಟು. ದಪ್ಪ ಹೆಚ್ಚಿಸಿದಾಗ ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಉದ್ದವನ್ನೂ ಹೆಚ್ಚಿಸಿದರೆ ಹಿಗ್ಗುವಿಕೆ ಉಳಿದುಕೊಳ್ಳುತ್ತದೆ. ಕೆಲವು ನಾವಿಕರು ದಿನನಿತ್ಯಕ್ಕೆ ತೆಳುವಾದದ್ದು, ಬಿರುಗಾಳಿಗೆ ದಪ್ಪ ಮತ್ತು ಉದ್ದವಾದದ್ದು ಎಂದು ಎರಡು ಸ್ನಬ್ಬರ್‌ಗಳನ್ನು ಇಟ್ಟುಕೊಳ್ಳುತ್ತಾರೆ.

ಹಗ್ಗದ ಉದ್ದ

ದೋಣಿಯ ಉದ್ದದಷ್ಟೇ ಉದ್ದದ ಸ್ನಬ್ಬರ್ ಒಳ್ಳೆಯ ಆರಂಭಿಕ ಅಳತೆ. ಒಂದೆರಡು ಮೀಟರ್ ಉದ್ದದ ಹಗ್ಗ ಸರಪಳಿಯ ಕರ್ಕಶ ಸದ್ದನ್ನು ನಿಲ್ಲಿಸಿ, ವಿಂಡ್ಲಾಸಿನ ಭಾರವನ್ನು ಇಳಿಸುತ್ತದೆ. ಆದರೆ ಗಾಳಿ ಏರಿದಾಗ ಆಘಾತ ಹೀರುವಷ್ಟು ಹಿಗ್ಗುವುದಿಲ್ಲ.

ಉದ್ದದ ಹಗ್ಗವನ್ನೆಲ್ಲ ದೋಣಿಯ ಮುಂದೆಯೇ ಬಿಡಬೇಕೆಂದಿಲ್ಲ. ಹಿಂಭಾಗದ ಅಥವಾ ನಡುಭಾಗದ ಕ್ಲೀಟಿಗೆ ಕಟ್ಟಿ, ಡೆಕ್ಕಿನ ಉದ್ದಕ್ಕೂ ಮುಂದಕ್ಕೆ ತಂದು, ಮೂತಿಯ ಮೂಲಕ ಹೊರಬಿಡುವ ಕ್ರಮವೂ ಇದೆ. ಇದರಿಂದ ಆಳ ಕಡಿಮೆಯಿರುವ ಜಾಗದಲ್ಲಿ ಹಗ್ಗದ ತುದಿಯ ಕೊಕ್ಕೆ ತಳದ ಬಂಡೆಗೆ ತಾಗುವುದು ತಪ್ಪುತ್ತದೆ. ಆದರೆ ಹಿಗ್ಗುವಾಗಲೆಲ್ಲ ಹಗ್ಗ ಮೂತಿಯ ಬಳಿ ಹಿಂದೆ ಮುಂದೆ ಜರುಗುವುದರಿಂದ ಅಲ್ಲಿ ಸವೆತ ಹೆಚ್ಚುತ್ತದೆ.

ಸರಪಳಿಗೆ ಜೋಡಿಸುವ ವಿಧಾನಗಳು

- ರೋಲಿಂಗ್ ಹಿಚ್ ಗಂಟು: ಹಗ್ಗವನ್ನು ಸರಪಳಿಗೆ ಹಲವು ಸುತ್ತು ಸುತ್ತಿ ಹಾಕುವ, ಎಳೆದಷ್ಟೂ ಬಿಗಿಯುವ ಗಂಟು. ಯಾವ ಉಪಕರಣವೂ ಬೇಡ, ಸರಪಳಿಗೆ ಹಾನಿಯಿಲ್ಲ. ಆದರೆ ಹೆಚ್ಚು ಭಾರ ಬಿದ್ದ ಮೇಲೆ ಬಿಚ್ಚುವುದು ಕಷ್ಟವಾಗಬಹುದು.
- ಉಕ್ಕಿನ ಕೊಕ್ಕೆ: ಕೊಂಡಿಗೆ ಕ್ಷಣಮಾತ್ರದಲ್ಲಿ ಸಿಕ್ಕಿಸಬಹುದು. ದೋಣಿ ಮುಂದಕ್ಕೆ ಸರಿದು ಹಗ್ಗ ಸಡಿಲವಾದಾಗ ಸಾಮಾನ್ಯ ಕೊಕ್ಕೆ ಕಳಚಿಕೊಳ್ಳುವ ಸಾಧ್ಯತೆ ಇರುವುದರಿಂದ, ತಡೆಗೂಟವಿರುವ ಅಥವಾ ಸರಪಳಿಯ ಅಳತೆಗೆ ಸರಿಯಾಗಿ ಕೂರುವ ಗಾಡಿಯುಳ್ಳ ಕೊಕ್ಕೆ ಮೇಲು.
- ಮೃದು ಶ್ಯಾಕಲ್: ಡೈನೀಮಾ ಹಗ್ಗದಿಂದ ಹೆಣೆದ ಕುಣಿಕೆ. ಕೊಂಡಿಯೊಳಗೆ ತೂರಿಸಿ ಹಾಕುವುದರಿಂದ ಕಳಚುವುದಿಲ್ಲ, ಹಗುರವಾಗಿದ್ದು ದೋಣಿಯ ಬಣ್ಣಕ್ಕೆ ಗೀರು ಬೀಳಿಸುವುದಿಲ್ಲ. 8 ಮಿಲಿಮೀಟರ್ ಸರಪಳಿಗೆ 5 ಅಥವಾ 6 ಮಿಲಿಮೀಟರ್ ಹಗ್ಗದ ಶ್ಯಾಕಲ್ ಹಿಡಿಯುತ್ತದೆ. ಕತ್ತಲಲ್ಲಿ ಅವಸರದಿಂದ ಬಿಚ್ಚಲು ಅಭ್ಯಾಸ ಬೇಕು.

ಕೊಕ್ಕೆ ಅಥವಾ ಲೋಹದ ಶ್ಯಾಕಲ್ ಬಳಸುವಾಗ ಹಗ್ಗದ ತುದಿಯ ಕುಣಿಕೆಯೊಳಗೆ ಥಿಂಬಲ್ ಎಂಬ ಲೋಹದ ಬಳೆಯನ್ನು ಕೂರಿಸುತ್ತಾರೆ. ಇಲ್ಲದಿದ್ದರೆ ಲೋಹದ ಅಂಚಿಗೆ ಹಗ್ಗ ಕಡಿಯುತ್ತದೆ.

ಸವೆತ ಮತ್ತು ಅದರ ತಡೆ

ಸ್ನಬ್ಬರ್ ಹಗ್ಗ ತುಂಡಾಗಲು ಬಹುತೇಕ ಕಾರಣ ಗಾಳಿಯ ಬಲವಲ್ಲ, ಉಜ್ಜುವಿಕೆ. ಹಗ್ಗ ದೋಣಿಯ ಮೂತಿಯಲ್ಲಿ ಬಾಗುವ ಜಾಗದಲ್ಲಿ ಪ್ರತಿ ಅಲೆಗೂ ಒಂದಿಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ; ಅಷ್ಟು ಸಲವೂ ಅಂಚಿಗೆ ತೀಡುತ್ತದೆ. ಬಾವಿಯ ಕಟ್ಟೆಯ ಕಲ್ಲಿಗೆ ಉಜ್ಜಿ ಹಗ್ಗ ಸವೆಯುವುದೂ ಹೀಗೆಯೇ. ಹಿಗ್ಗುವ ಗುಣವೇ ನೈಲಾನಿನ ಸವೆತಕ್ಕೂ ಕಾರಣವಾಗುವುದರಿಂದ ಸ್ನಬ್ಬರಿನ ಆಯ್ಕೆಯಷ್ಟೇ ಅದರ ರಕ್ಷಣೆಯೂ ಮುಖ್ಯ.

ಇದರ ಜೊತೆಗೆ ಒಳಗಿನ ಕಾವು ಇದೆ. ನೈಲಾನ್ ಹಗ್ಗ ಹಿಗ್ಗಿ ಕುಗ್ಗುವಾಗ ಹೀರಿಕೊಂಡ ಶಕ್ತಿಯ ಒಂದು ಪಾಲು ಶಾಖವಾಗುತ್ತದೆ. ಬಿರುಗಾಳಿಯಲ್ಲಿ ತಾಸುಗಟ್ಟಲೆ ಹೀಗಾದರೆ ಎಳೆಗಳು ಒಳಗಿನಿಂದಲೇ ಮೆತ್ತಗಾಗಿ ಬಲ ಕಳೆದುಕೊಳ್ಳಬಹುದು. ಮಳೆಯ ಮತ್ತು ಅಲೆಯ ನೀರು ಈ ಕಾವನ್ನು ಆರಿಸುತ್ತದೆ. ಆದ್ದರಿಂದ ಉಜ್ಜುವ ಜಾಗಕ್ಕೆ ಹಾಕುವ ಕವಚ ನೀರನ್ನು ಒಳಬಿಡುವಂತಿರಬೇಕು. ಪಾಲಿಯೆಸ್ಟರ್ ನೇಯ್ಗೆಯ ಕೊಳವೆ, ಹಳೆಯ ಅಗ್ನಿಶಾಮಕ ಕೊಳವೆಯ ಬಟ್ಟೆ, ದಪ್ಪ ಕ್ಯಾನ್ವಾಸ್ ಅಥವಾ ಚರ್ಮ ಇದಕ್ಕೆ ಬಳಕೆಯಲ್ಲಿವೆ. ನೀರು ಹೋಗದ ಪ್ಲಾಸ್ಟಿಕ್ ಕೊಳವೆ ಹೊರಗಿನ ಉಜ್ಜುವಿಕೆಯನ್ನು ತಡೆದರೂ ಕಾವನ್ನು ಒಳಗೇ ಹಿಡಿದಿಡುತ್ತದೆ. ಕವಚ ಜಾರಿ ಹೋಗದಂತೆ ಅದನ್ನು ಹಗ್ಗಕ್ಕೆ ದಾರದಿಂದ ಕಟ್ಟಬೇಕು.

ಹಾಕುವ ಕ್ರಮ

1. ಲಂಗರು ತಳದಲ್ಲಿ ಗಟ್ಟಿಯಾಗಿ ನಾಟಿದೆ ಎಂಬುದನ್ನು ಎಂಜಿನ್ನಿನಿಂದ ಹಿಂದಕ್ಕೆ ಎಳೆದು ಖಚಿತಪಡಿಸಿಕೊಳ್ಳಬೇಕು. ಮೂತಿಯಿಂದ ತಳದವರೆಗಿನ ಎತ್ತರದ ಸುಮಾರು 5 ಪಟ್ಟು ಸರಪಳಿ ಬಿಡುವುದು ವಾಡಿಕೆ. ಬಿರುಗಾಳಿಯಲ್ಲಿ ಇನ್ನೂ ಹೆಚ್ಚು.
2. ಮೂತಿಯ ಹೊರಗೆ ಕೈಗೆಟಕುವ ಕೊಂಡಿಗೆ ಸ್ನಬ್ಬರನ್ನು ಸಿಕ್ಕಿಸಬೇಕು. ಈ ಹೊತ್ತಿನಲ್ಲಿ ಬೆರಳುಗಳು ಸರಪಳಿಗೂ ರೋಲರಿಗೂ ನಡುವೆ ಸಿಗದಂತೆ ಎಚ್ಚರ ವಹಿಸಬೇಕು.
3. ಸ್ನಬ್ಬರ್ ಬಿಗಿಯಾಗುವವರೆಗೆ ಸರಪಳಿಯನ್ನು ಇನ್ನಷ್ಟು ಬಿಡಬೇಕು. ಅನಂತರ ಮತ್ತೂ ಎರಡು ಮೂರು ಮೀಟರ್ ಬಿಟ್ಟು ಸಡಿಲವಾದ ಜೋಲನ್ನು ಉಳಿಸಬೇಕು. ಜೋಲು ಕಡಿಮೆಯಾದರೆ ಹಗ್ಗ ಪೂರ್ಣ ಹಿಗ್ಗುವ ಮೊದಲೇ ಸರಪಳಿ ಬಿಗಿಯುತ್ತದೆ. ತೀರ ಹೆಚ್ಚಾದರೆ ಹಗ್ಗ ತುಂಡಾದಾಗ ದೋಣಿ ಅಷ್ಟು ದೂರ ಓಡಿ ಸರಪಳಿಯನ್ನು ಜೋರಾಗಿ ಜಗ್ಗುತ್ತದೆ.
4. ಸರಪಳಿಯನ್ನು ಸರಪಳಿ ತಡೆಗೆ ಅಥವಾ ಬೇರೊಂದು ಗಟ್ಟಿ ಗೂಟಕ್ಕೆ ಭದ್ರಪಡಿಸಬೇಕು. ವಿಂಡ್ಲಾಸ್ ಎತ್ತುವ ಯಂತ್ರವೇ ಹೊರತು ರಾತ್ರಿಯಿಡೀ ಆಘಾತ ತಡೆಯುವ ಸಾಧನವಲ್ಲ. ಸ್ನಬ್ಬರ್ ಹೋದರೂ ದೋಣಿಯನ್ನು ಹಿಡಿದಿಡುವ ಎರಡನೇ ಆಸರೆ ಇದು.
5. ಉಜ್ಜುವ ಜಾಗಕ್ಕೆ ಕವಚ ಹಾಕಬೇಕು. ಗಾಳಿ ಹೆಚ್ಚಿದ್ದರೆ ಆಗಾಗ ನೋಡುತ್ತಿರಬೇಕು. ಹಗ್ಗವನ್ನು ಒಂದಿಷ್ಟು ಸಡಿಲಿಸಿ ಉಜ್ಜುವ ಜಾಗವನ್ನು ಬದಲಾಯಿಸುವುದು ಒಳ್ಳೆಯದು.

ಬ್ರೈಡಲ್

ಎರಡು ಒಡಲುಗಳಿರುವ ಕ್ಯಾಟಮರಾನ್ ದೋಣಿಗಳಲ್ಲಿ ಎರಡೂ ಮೂತಿಗಳಿಂದ ಒಂದೊಂದು ಹಗ್ಗ ತಂದು ಸರಪಳಿಯಲ್ಲಿ ಸೇರಿಸುತ್ತಾರೆ. ಇದರಿಂದ ದೋಣಿ ಗಾಳಿಗೆ ನೇರವಾಗಿ ನಿಲ್ಲುತ್ತದೆ, ತೂಗಾಟ ತಗ್ಗುತ್ತದೆ. ಕವಲುಗಳ ಉದ್ದ ಎರಡು ಮೂತಿಗಳ ನಡುವಿನ ಅಂತರದಷ್ಟಿದ್ದರೆ ಅವುಗಳ ನಡುವಿನ ಕೋನ 60 ಡಿಗ್ರಿ ಆಗಿ, ಪ್ರತಿ ಕವಲಿನ ಮೇಲೆ ಒಟ್ಟು ಎಳೆತದ ಸುಮಾರು ಶೇಕಡಾ 58ರಷ್ಟು ಬೀಳುತ್ತದೆ. ಕವಲು ಗಿಡ್ಡವಾಗಿ ಕೋನ 120 ಡಿಗ್ರಿ ಆದರೆ ಪ್ರತಿ ಕವಲೂ ಒಟ್ಟು ಎಳೆತದಷ್ಟನ್ನೇ ಹೊರಬೇಕಾಗುತ್ತದೆ. ದೋಣಿ ಪಕ್ಕಕ್ಕೆ ತಿರುಗಿದಾಗ ಭಾರವೆಲ್ಲ ಒಂದೇ ಕವಲಿಗೆ ಬೀಳುವುದರಿಂದ ಪ್ರತಿ ಕವಲನ್ನೂ ಪೂರ್ಣ ಭಾರಕ್ಕೆ ತಕ್ಕಂತೆ ಆರಿಸಬೇಕು. ಒಂದೇ ಒಡಲಿನ ದೋಣಿಗಳಲ್ಲಿಯೂ ಬ್ರೈಡಲ್ ಬಳಸುವುದುಂಟು. ಆದರೆ ಅವುಗಳ ಮೂತಿ ಕಿರಿದಾದ್ದರಿಂದ ತೂಗಾಟ ತಗ್ಗಿಸುವಲ್ಲಿ ಅಷ್ಟು ಲಾಭ ಸಿಗುವುದಿಲ್ಲ.

ಕೆಲವು ದೋಣಿಗಳಲ್ಲಿ ಮೂತಿಯ ಕೆಳಗೆ, ನೀರಿನ ಮಟ್ಟದ ಬಳಿ, ಗಟ್ಟಿ ಬಳೆಯೊಂದನ್ನು ಕೂರಿಸಿ ಅದಕ್ಕೆ ಸ್ನಬ್ಬರ್ ಕಟ್ಟುತ್ತಾರೆ. ಎಳೆತದ ಬಿಂದು ಕೆಳಗಿಳಿಯುವುದರಿಂದ ಅಷ್ಟೇ ಸರಪಳಿಗೆ ಹೆಚ್ಚು ಅನುಪಾತ ದೊರೆಯುತ್ತದೆ. 3 ಮೀಟರ್ ಆಳದ ನೀರಿನಲ್ಲಿ, 1.5 ಮೀಟರ್ ಎತ್ತರದ ಮೂತಿಯಿಂದ ಲೆಕ್ಕ ಹಾಕಿದರೆ 5 ಪಟ್ಟಿಗೆ 22.5 ಮೀಟರ್ ಬೇಕು. ನೀರಿನ ಮಟ್ಟದಿಂದಾದರೆ 15 ಮೀಟರ್ ಸಾಕು. ಆದರೆ ಮೂತಿಯ ಮೇಲಿನ ಕ್ಲೀಟಿಗೆ ಕಟ್ಟಿದ ಸ್ನಬ್ಬರಿಗೆ ಈ ಲಾಭವಿಲ್ಲ. ಸರಪಳಿಗೆ ಸಿಕ್ಕಿಸಿದ ಜಾಗ ನೀರಿನೊಳಗಿದ್ದರೂ ಎಳೆತದ ರೇಖೆ ಮೂತಿಯವರೆಗೇ ಹೋಗುತ್ತದೆ. ಕೆಳಗಿನ ಬಳೆ ಕೈಗೆಟಕದಿರುವುದು ಈ ಪದ್ಧತಿಯ ತೊಡಕು.

ಇತರ ಉಪಾಯಗಳು

ಹಗ್ಗವನ್ನು ಸುತ್ತಿ ಕಟ್ಟುವ ರಬ್ಬರ್ ಸಾಧನಗಳು ಮಾರುಕಟ್ಟೆಯಲ್ಲಿವೆ. ಅವು ಕೆಲವು ಹತ್ತು ಸೆಂಟಿಮೀಟರ್ ಮಾತ್ರ ಹಿಗ್ಗುವುದರಿಂದ ಸಣ್ಣ ಅಲೆಗಳ ಕಿರುಕುಳಕ್ಕೆ ಸಾಕಾಗುತ್ತವೆ, ಬಿರುಗಾಳಿಗೆ ಸಾಲುವುದಿಲ್ಲ. ಸರಪಳಿಯ ನಡುವೆ ಭಾರವನ್ನು ಇಳಿಬಿಡುವ ಪದ್ಧತಿಯೂ ಹಳೆಯದು. ಎಳೆತ ಹೆಚ್ಚಿದಾಗ ಅದರ ಪ್ರಭಾವವೂ ತೂಗುವಕ್ರದಂತೆಯೇ ಮರೆಯಾಗುತ್ತದೆ. ಲಂಗರಿನ ಬಳಿ ಕೆಲವೇ ಮೀಟರ್ ಸರಪಳಿಯಿದ್ದು ಉಳಿದದ್ದೆಲ್ಲ ನೈಲಾನ್ ಹಗ್ಗವಾಗಿದ್ದರೆ ಆ ಹಗ್ಗವೇ ಸ್ನಬ್ಬರಿನ ಕೆಲಸ ಮಾಡುವುದರಿಂದ ಬೇರೆ ಸ್ನಬ್ಬರ್ ಬೇಕಾಗುವುದಿಲ್ಲ.

ಸ್ನಬ್ಬರಿಗೂ ಮಿತಿಗಳಿವೆ. ಅದು ಆಘಾತವನ್ನು ತಗ್ಗಿಸುತ್ತದೆಯೇ ಹೊರತು ಗಾಳಿಯ ಸ್ಥಿರ ಒತ್ತಡವನ್ನಲ್ಲ. ಲಂಗರು ಚಿಕ್ಕದಾಗಿದ್ದರೆ, ತಳ ಸಡಿಲವಾಗಿದ್ದರೆ ಅಥವಾ ಬಿಟ್ಟ ಸರಪಳಿ ಸಾಲದಿದ್ದರೆ ಆ ಕೊರತೆಯನ್ನು ಸ್ನಬ್ಬರ್ ತುಂಬಿಕೊಡಲಾರದು.

ತಪಾಸಣೆ

ಸ್ನಬ್ಬರ್ ಸವೆಯಲೆಂದೇ ಇರುವ ಹಗ್ಗ. ಸರಪಳಿ, ವಿಂಡ್ಲಾಸ್ ಮತ್ತು ಡೆಕ್ಕಿನ ಬದಲು ತಾನು ಏಟು ತಿನ್ನುವುದು ಅದರ ಕೆಲಸ. ಅವುಗಳ ದುರಸ್ತಿಯ ಮುಂದೆ ಕೆಲವು ಮೀಟರ್ ನೈಲಾನಿನ ಬೆಲೆ ಅಲ್ಪ. ಎಳೆಗಳು ಕಿತ್ತು ಜುಂಗಾದರೆ, ಮೇಲ್ಮೈ ಕರಗಿ ಹೊಳಪುಗಟ್ಟಿದಂತಿದ್ದರೆ, ಹಗ್ಗ ಬಿರುಸಾಗಿ ಕೈಯಲ್ಲಿ ಬಾಗದಿದ್ದರೆ ಅಥವಾ ಒಂದು ಕಡೆ ತೆಳ್ಳಗಾಗಿದ್ದರೆ ಅದನ್ನು ಬದಲಾಯಿಸಬೇಕು. ದೊಡ್ಡ ಬಿರುಗಾಳಿಯನ್ನು ತಡೆದುಕೊಂಡ ಸ್ನಬ್ಬರ್ ಹೊರಗಿನಿಂದ ಚೆನ್ನಾಗಿ ಕಂಡರೂ ಅದನ್ನು ಮತ್ತೆ ನಂಬದಿರುವುದು ಲೇಸು. ಕೇವಲ ತುದಿ ಸವೆದಿದ್ದರೆ ಅಷ್ಟನ್ನು ಕತ್ತರಿಸಿ ಹೊಸ ಕುಣಿಕೆ ಹೆಣೆಯಬಹುದು. ಉಪ್ಪು ಮತ್ತು ಮರಳು ಎಳೆಗಳ ನಡುವೆ ಸೇರಿ ಒಳಗಿನಿಂದ ತೀಡುವುದರಿಂದ ಹಗ್ಗವನ್ನು ಆಗಾಗ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ಇಡುವುದು ವಾಡಿಕೆ. ದೂರದ ಪ್ರಯಾಣದ ದೋಣಿಗಳಲ್ಲಿ ಸಿದ್ಧಪಡಿಸಿದ ಇನ್ನೊಂದು ಸ್ನಬ್ಬರನ್ನು ಕೈಗೆಟಕುವಂತೆ ಇಟ್ಟಿರುತ್ತಾರೆ.

ಇವನ್ನೂ ನೋಡಿ

- ಲಂಗರು
- ಹಾಯಿದೋಣಿ
- ನೈಲಾನ್
- ತೆಂಗಿನ ನಾರು
- ಕ್ಯಾಟಮರಾನ್